ಭೌತ–ರಾಸಾಯನಿಕ ಬದಲಾವಣೆ ಕಿಟ್: ಸಾಮಾನು ಚೆನ್ನ, ಕೈಪಿಡಿ ತಿದ್ದಬೇಕು

ಅವೆನ್ಯೂ ರಸ್ತೆಯಲ್ಲಿ ಸಿಗುವ ಈ ಶಾಲಾ ಕಿಟ್‌ನ ಜೀವಾಳ ಕಬ್ಬಿಣದ ಪುಡಿ ಮತ್ತು ಗಂಧಕ. 7 ಗ್ರಾಂ ಕಬ್ಬಿಣಕ್ಕೆ 4 ಗ್ರಾಂ ಗಂಧಕ ಬೆರೆಸಿ ಅಯಸ್ಕಾಂತ ಹಿಡಿದರೆ ಕಬ್ಬಿಣ ಬೇರೆಯಾಗಿ ಅಂಟಿಕೊಂಡು ಬರುತ್ತದೆ. ಅದು ಬರೀ ಮಿಶ್ರಣ. ಅದರಲ್ಲಿ ಚಿಟಿಕೆಯಷ್ಟನ್ನು ಪ್ರನಾಳದಲ್ಲಿ ಕಾಯಿಸಿದರೆ ಕೆಂಡದಂತೆ ಹೊಳೆದು ಕಪ್ಪು ಗಟ್ಟಿಯಾಗುತ್ತದೆ, ಅಯಸ್ಕಾಂತಕ್ಕೆ ಜಗ್ಗುವುದಿಲ್ಲ. ಅದು ಹೊಸ ವಸ್ತು. ಕಬ್ಬಿಣ ಹೆಚ್ಚಾದರೆ ಉಳಿದದ್ದು ಅಂಟಿಕೊಂಡು ಮಕ್ಕಳ ದಾರಿ ತಪ್ಪಿಸುತ್ತದೆ. ಹಾಗಾಗಿ ತಕ್ಕಡಿ ಬೇಕೇ ಬೇಕು; ಕಿಟ್‌ನಲ್ಲಿ ಇಲ್ಲ. ಗಂಧಕದ ಹೊಗೆ ಕೆಟ್ಟದ್ದು, ಕಿಟಕಿ ತೆರೆದು ದೊಡ್ಡವರೇ ಕಾಯಿಸಲಿ.

ಮೆಗ್ನೀಷಿಯಂ ಪಟ್ಟಿ ಮಂಕಾಗಿರುತ್ತದೆ, ಉಪ್ಪುಕಾಗದದಲ್ಲಿ ಉಜ್ಜಿಯೇ ಹಚ್ಚಬೇಕು. ಉರಿಯನ್ನು ನೇರ ನೋಡಬಾರದು.

ಕೈಪಿಡಿಯಲ್ಲಿ 'ಹಿಂದಿರುಗಿಸಬಹುದಾದದ್ದೆಲ್ಲ ಭೌತ ಬದಲಾವಣೆ' ಎಂದಿದೆ. ಇದು ದೊಡ್ಡ ತಪ್ಪು, ಮತ್ತು ಇದೇ ಡಬ್ಬಿಯ ಮೈಲುತುತ್ತವೇ (ತಾಮ್ರದ ಸಲ್ಫೇಟ್) ಅದಕ್ಕೆ ಸಾಕ್ಷಿ. ಕಾಯಿಸಿದರೆ ಸ್ಫಟಿಕದೊಳಗಿನ ನೀರು ಹೋಗಿ ನೀಲಿ ಬಿಳಿಯಾಗುತ್ತದೆ, ಎರಡು ಹನಿ ನೀರಿಗೆ ಮತ್ತೆ ನೀಲಿ. ಹಿಂದಿರುಗಿದರೂ ವಸ್ತುವೇ ಬದಲಾಗುವುದರಿಂದ ಇದು ರಾಸಾಯನಿಕ ಬದಲಾವಣೆ. ಉರಿ ಸಣ್ಣದಿರಲಿ, ಕಪ್ಪಾದರೆ ಮತ್ತೆ ನೀಲಿ ಬರದು.

ನೀರು ಕುದಿಸುವ ಪ್ರಯೋಗದಲ್ಲಿ 100 ಡಿಗ್ರಿ ಎಂದು ಅಚ್ಚಾಗಿದೆ. ಎತ್ತರ ಹೆಚ್ಚಿದಷ್ಟೂ ನೀರು ಕಡಿಮೆ ಬಿಸಿಯಲ್ಲೇ ಕುದಿಯುತ್ತದೆ; ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಥರ್ಮಾಮೀಟರ್ 97ರ ಆಸುಪಾಸಿನಲ್ಲಿ ನಿಂತರೆ ಅದು ಕೆಟ್ಟಿಲ್ಲ. 7ನೇ ತರಗತಿಗೆ ಧಾರಾಳವಾಗಿ ಕೊಳ್ಳಬಹುದು, ಕೈಪಿಡಿಯ ಆ ಪುಟಗಳನ್ನು ಮೇಷ್ಟ್ರು ಮೊದಲೇ ತಿದ್ದಿಟ್ಟರೆ.