ವೈದ್ಯರಿಲ್ಲದ ಊರಿನ ಉಪಕೇಂದ್ರ: ನಾಲ್ಕು ನಕ್ಷತ್ರ, ಒಂದು ತಕರಾರು

ಹೋಟೆಲಿಗೆ, ಟಯರ್ ಅಂಗಡಿಗೆ, ಮದುವೆ ಛತ್ರಕ್ಕೆ ನಕ್ಷತ್ರ ಕೊಡುವವರು ಬೇಕಾದಷ್ಟು ಮಂದಿ ಇದ್ದಾರೆ. ಸರ್ಕಾರಿ ಆರೋಗ್ಯ ಉಪಕೇಂದ್ರದ ಬಗ್ಗೆ ಬರೆಯುವವರು ಕಡಿಮೆ. ಬರೆದರೂ ‘ಹೋದಾಗ ಬಾಗಿಲು ಹಾಕಿತ್ತು’ ಎಂಬ ಒಂದೇ ಸಾಲು. ನಾನು ಸರ್ಕಾರಿ ಆಸ್ಪತ್ರೆಗಳಲ್ಲಿ ಫಾರ್ಮಾಸಿಸ್ಟ್ ಆಗಿದ್ದು ನಿವೃತ್ತನಾದವನು. ಈಗ ಔಷಧಿ ಕೊಡುವ ಕಿಟಕಿಯ ಈಚೆ ಬದಿಯಲ್ಲಿ ನಿಂತಿದ್ದೇನೆ. ಬಿಪಿ, ಸಕ್ಕರೆ ಎರಡೂ ಇವೆ. ಮಲೆನಾಡಿನ ನಮ್ಮ ಊರಿನ ಉಪಕೇಂದ್ರಕ್ಕೆ ತಿಂಗಳು ತಿಂಗಳು ಹೋಗುತ್ತೇನೆ. ಔಷಧಿಗೆ ಎಷ್ಟೋ, ಅಲ್ಲಿಯ ಕೆಲಸವನ್ನು ನೋಡುವ ಹಳೆಯ ಚಾಳಿಗೂ ಅಷ್ಟೇ.

ಮೊದಲು ಒಂದು ವಿಷಯ ಸ್ಪಷ್ಟವಾಗಲಿ. ಇಲ್ಲಿ ವೈದ್ಯರಿಲ್ಲ, ಇರುವುದೂ ಇಲ್ಲ. ಬಯಲುಸೀಮೆಯಲ್ಲಿ 5000 ಜನರಿಗೆ, ಗುಡ್ಡಗಾಡಿನಲ್ಲಿ 3000 ಜನರಿಗೆ ಒಂದು ಉಪಕೇಂದ್ರ ಎಂಬುದು ಸರ್ಕಾರದ ಲೆಕ್ಕ. ಎಂಬಿಬಿಎಸ್ ವೈದ್ಯರು ಕೂರುವುದು ಅದರ ಮೇಲಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ. ಉಪಕೇಂದ್ರಕ್ಕೆ 2018ರ ಆಯುಷ್ಮಾನ್ ಭಾರತ ಯೋಜನೆ ಕೊಟ್ಟದ್ದು ಸಮುದಾಯ ಆರೋಗ್ಯ ಅಧಿಕಾರಿಯನ್ನು, ಎಂದರೆ ಸಿಎಚ್‌ಒ ಅವರನ್ನು. ನಮ್ಮಲ್ಲಿರುವವರು ಬಿಎಸ್‌ಸಿ ನರ್ಸಿಂಗ್ ಓದಿ, ಸಮುದಾಯ ಆರೋಗ್ಯದ ತರಬೇತಿ ಪಡೆದವರು. ಊರಿನ ಅಜ್ಜಿಯರು ‘ಡಾಕ್ಟರಮ್ಮ’ ಎಂದರೆ ಪ್ರತಿ ಸಲವೂ ‘ನಾನು ಡಾಕ್ಟರ್ ಅಲ್ಲ ಅಜ್ಜಿ, ಸಿಸ್ಟರ್’ ಎಂದು ತಿದ್ದುತ್ತಾರೆ. ನನಗೆ ಅವರ ಮೇಲೆ ನಂಬಿಕೆ ಹುಟ್ಟಿದ್ದು ಅಲ್ಲಿಂದ.

ಬಿಪಿ ನೋಡುವ ಕ್ರಮವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಏರು ಹತ್ತಿ ಬಂದವರ ತೋಳಿಗೆ ತಕ್ಷಣ ಪಟ್ಟಿ ಕಟ್ಟುವುದಿಲ್ಲ. ಐದು ನಿಮಿಷ ಬೆನ್ನು ಆನಿಸಿ ಕೂರಿಸುತ್ತಾರೆ, ಕಾಲ ಮೇಲೆ ಕಾಲು ಹಾಕಿದ್ದರೆ ಇಳಿಸುತ್ತಾರೆ, ತೋಳನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲಿಡುತ್ತಾರೆ, ಅಳೆಯುವಾಗ ಮಾತಾಡಲು ಬಿಡುವುದಿಲ್ಲ. ದಪ್ಪ ತೋಳಿನವರಿಗೆ ಬೇರೆ ಪಟ್ಟಿ. ಅಂಕಿ ಹೆಚ್ಚು ಬಂದರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ ನೋಡುತ್ತಾರೆ. ಇಷ್ಟೆಲ್ಲ ಪಾಠದಲ್ಲಿ ಇದೆ ನಿಜ. ಆದರೆ ಹಣ ಕೊಟ್ಟು ಹೋದ ದೊಡ್ಡ ಜಾಗಗಳಲ್ಲೂ ಶರ್ಟಿನ ತೋಳಿನ ಮೇಲೆಯೇ ಪಟ್ಟಿ ಬಿಗಿದು, ನಿಂತವರ ಬಿಪಿ ಬರೆದುಕೊಂಡದ್ದನ್ನು ನಾನು ಕಂಡಿದ್ದೇನೆ. ತಪ್ಪು ಅಂಕಿಯ ಮೇಲೆ ಶುರುವಾದ ಮಾತ್ರೆ ವರ್ಷಗಟ್ಟಲೆ ನಡೆಯುತ್ತದೆ.

ಸಕ್ಕರೆ ಇರುವವರ ಚಪ್ಪಲಿ ಬಿಚ್ಚಿಸಿ ಪಾದ ನೋಡುತ್ತಾರೆ. 30 ವರ್ಷ ದಾಟಿದವರ ತಪಾಸಣೆ ಈ ಕೇಂದ್ರಗಳ ಮುಖ್ಯ ಕೆಲಸ: ಬಿಪಿ, ಸಕ್ಕರೆ, ಜೊತೆಗೆ ಬಾಯಿ, ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರ್. ಎಲೆ ಅಡಿಕೆಯ ಜೊತೆ ಹೊಗೆಸೊಪ್ಪು ಹಾಕುವವರೇ ಹೆಚ್ಚಿರುವ ನಮ್ಮ ಕಡೆ, ಟಾರ್ಚ್ ಹಿಡಿದು ಬಾಯಿ ತೆರೆಸಿ ಕೆನ್ನೆಯ ಒಳಮೈಯಲ್ಲಿ ಬಿಳಿ ಮಚ್ಚೆ ಇದೆಯೇ ಎಂದು ಹುಡುಕುವವರು ಊರಿಗೊಬ್ಬರು ಬೇಕೇ ಬೇಕು. ಗಂಡಸರು ಮುಜುಗರಪಡುತ್ತಾರೆ. ಆಶಾ ಕಾರ್ಯಕರ್ತೆ ಅವರ ಮನೆಗೇ ಹೋಗಿ ಹೆಂಡತಿಯ ಎದುರು ಹೇಳಿಬಂದರೆ ಮರುದಿನ ಸುಮ್ಮನೆ ಬಂದು ಬಾಯಿ ತೆರೆಯುತ್ತಾರೆ.

ಇನ್ನು ನನ್ನ ಕಸುಬಿನ ಭಾಗ, ಔಷಧಿಯ ಕಪಾಟು. ಅವಧಿ ಮೊದಲು ಮುಗಿಯುವ ಮಾತ್ರೆ ಮುಂದೆ, ಹೊಸದು ಹಿಂದೆ. ರಿಜಿಸ್ಟರಿನ ಲೆಕ್ಕಕ್ಕೂ ಕಪಾಟಿನ ಲೆಕ್ಕಕ್ಕೂ ತಾಳೆ ಇದೆ. ಬಿಪಿಯ ಅಮ್ಲೋಡಿಪಿನ್, ಸಕ್ಕರೆಯ ಮೆಟ್‌ಫಾರ್ಮಿನ್ ಒಂದು ತಿಂಗಳಿಗೆ ಆಗುವಷ್ಟು ಒಟ್ಟಿಗೇ ಸಿಗುತ್ತವೆ, ಉಚಿತ. ಚೀಟಿಯನ್ನು ಮೊದಲು ಬರೆಯುವುದು ಮೇಲಿನ ಕೇಂದ್ರದ ವೈದ್ಯರು, ಇಲ್ಲಿ ಅದನ್ನು ಮುಂದುವರಿಸುತ್ತಾರೆ. ಬಿಪಿಯ ಇನ್ನೊಂದು ಮಾತ್ರೆ ಟೆಲ್ಮಿಸಾರ್ಟನ್ ಮಾತ್ರ ಆಗಾಗ ಖಾಲಿ. ಇಂಡೆಂಟ್, ಎಂದರೆ ಬೇಡಿಕೆ ಪತ್ರ, ಹಾಕಿದ್ದು ನನಗೆ ಗೊತ್ತು, ತೋರಿಸಿದರು. ಬರುವುದು ಅವರ ಕೈಯಲ್ಲಿಲ್ಲ.

ವೈದ್ಯರನ್ನೇ ಕೇಳಬೇಕಾದಾಗ ಇ-ಸಂಜೀವಿನಿ ಇದೆ, ದೂರದ ವೈದ್ಯರನ್ನು ವಿಡಿಯೊದಲ್ಲಿ ಕಾಣುವ ಸರ್ಕಾರಿ ಸೇವೆ. ಸಿಎಚ್‌ಒ ರೋಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಪರದೆಯ ಆಚೆಯ ವೈದ್ಯರಿಗೆ ಬಿಪಿ, ನಾಡಿ, ಹಿಂದಿನ ಮಾತ್ರೆ ಎಲ್ಲವನ್ನೂ ಹೇಳುತ್ತಾರೆ, ಗಾಯವಿದ್ದರೆ ಕ್ಯಾಮೆರಾಕ್ಕೆ ಹಿಡಿಯುತ್ತಾರೆ. ಮನೆಯಲ್ಲಿ ಒಬ್ಬರೇ ಫೋನ್ ಹಿಡಿದು ವೈದ್ಯರಿಗೆ ತಡವರಿಸುವುದಕ್ಕಿಂತ ಇದು ಎಷ್ಟೋ ಮೇಲು. ಕೇಳಿಸದ ಅಜ್ಜನ ಪರವಾಗಿ ಮಾತಾಡಲು ಪಕ್ಕದಲ್ಲಿ ತಿಳಿದವರೊಬ್ಬರು ಇರುತ್ತಾರೆ. ಮಳೆಗಾಲದಲ್ಲಿ ಕರೆಂಟು ಹೋದರೆ ನೆಟ್‌ವರ್ಕೂ ಹೋಗುತ್ತದೆ. ಆ ದಿನ ಈ ಸೇವೆಗೆ ರಜೆ.

ಈಗ ತಕರಾರು. ಒಂದು ನಕ್ಷತ್ರ ಕಳೆದದ್ದು ಸಿಎಚ್‌ಒ ಅವರಿಂದ ಅಲ್ಲ, ಅವರನ್ನು ನೇಮಿಸಿಕೊಂಡ ಬಗೆಯಿಂದ. ಗುತ್ತಿಗೆ ಕೆಲಸ, ಸಂಭಾವನೆಯಲ್ಲಿ ಒಂದಷ್ಟು ನಿಶ್ಚಿತ, ಇನ್ನೊಂದಷ್ಟು ಸಾಧನೆಯ ಅಂಕಿಗಳಿಗೆ ತಕ್ಕಂತೆ. ಅಂಕಿ ಎಂದ ಮೇಲೆ ಅದನ್ನು ತುಂಬಿಸಬೇಕಲ್ಲ. ಬೆಳಿಗ್ಗೆ ರಿಜಿಸ್ಟರಿಗೆ ಬರೆದದ್ದನ್ನೇ ಮಧ್ಯಾಹ್ನ ಟ್ಯಾಬ್‌ಗೆ ತುಂಬುತ್ತಾರೆ, ಸಂಜೆ ಅದನ್ನೇ ವಾಟ್ಸ್‌ಆ್ಯಪ್ ಗುಂಪಿಗೆ ವರದಿ ಮಾಡುತ್ತಾರೆ. ರೋಗಿ ಎದುರಿಗೆ ಕುಳಿತಿದ್ದಾಗಲೂ ಫೋನು ಸದ್ದು ಮಾಡುತ್ತದೆ: ‘ಇಂದಿನ ಎಂಟ್ರಿ ಎಷ್ಟು?’ ಇವರಿಗಿಂತ ಮುಂಚೆ ಇದ್ದವರು ಬೇರೆ ಕಡೆ ಕಾಯಂ ಕೆಲಸ ಸಿಕ್ಕಿ ಹೋದರು. ಹೋಗಬಾರದಿತ್ತು ಎಂದು ಹೇಳಲು ನನಗೆ ಬಾಯಿಲ್ಲ. ಆಮೇಲೆ ಕೇಂದ್ರ ಬಹಳ ಕಾಲ ಬೀಗ ಹಾಕಿಯೇ ಇತ್ತು.

ವೈದ್ಯರ ಕೊರತೆ ನೀಗಿಸಲು ಸರ್ಕಾರಗಳು ಹಲವು ದಾರಿ ಹಿಡಿದಿವೆ. 2014ರಲ್ಲಿ ಸುಮಾರು 51 ಸಾವಿರ ಇದ್ದ ಎಂಬಿಬಿಎಸ್ ಸೀಟು ಈಗ ಲಕ್ಷ ದಾಟಿದೆ. ಹಾಗಿದ್ದೂ ತಾಲ್ಲೂಕಿನಿಂದ ಕೆಳಗೆ ತಜ್ಞರು ಇಳಿಯುವುದಿಲ್ಲ. 2022ರ ಗ್ರಾಮೀಣ ಆರೋಗ್ಯ ಅಂಕಿ-ಅಂಶದ ಪ್ರಕಾರ ದೇಶದ ಗ್ರಾಮೀಣ ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ (ಪ್ರಾಥಮಿಕ ಆರೋಗ್ಯ ಕೇಂದ್ರಕ್ಕಿಂತ ಒಂದು ಮೆಟ್ಟಿಲು ಮೇಲಿನವು) ಬೇಕಾದ ತಜ್ಞರ ಪೈಕಿ ಸುಮಾರು ಶೇ 80ರಷ್ಟು ಕೊರತೆ. ಕರ್ನಾಟಕ 2012ರಲ್ಲಿ ಕಡ್ಡಾಯ ಗ್ರಾಮೀಣ ಸೇವೆಗೆ ಕಾನೂನು ಮಾಡಿತು. ಹಾಗೆ ಬಂದ ಹುಡುಗ ಹುಡುಗಿಯರಲ್ಲಿ ಒಳ್ಳೆಯವರು ಬಹಳ ಇದ್ದರು, ನಾನು ಅವರ ಜೊತೆ ಕೆಲಸ ಮಾಡಿದವನು. ಆದರೆ ಯಾರಿಗೆ ಯಾವ ಕಾಯಿಲೆ ಎಂದು ಮುಖ ಪರಿಚಯವಾಗುವ ಹೊತ್ತಿಗೆ ಅವರ ವರ್ಷ ಮುಗಿದಿರುತ್ತಿತ್ತು. ಹಳ್ಳಿಗೆಂದೇ ಮೂರು ವರ್ಷದ ವೈದ್ಯರನ್ನು ತಯಾರಿಸಲು ಛತ್ತೀಸಗಢ 2001ರಲ್ಲಿ ಹೊರಟಿತು, ಬಳಿಕ ಕೈಬಿಟ್ಟಿತು. ಅದೇ ಉದ್ದೇಶದ ಅಸ್ಸಾಂನ 2004ರ ಕಾಯ್ದೆಯನ್ನು 2023ರಲ್ಲಿ ಸುಪ್ರೀಂ ಕೋರ್ಟ್ ಸಿಂಧುವಲ್ಲ ಎಂದಿತು. ಇವುಗಳ ನಡುವೆ ನರ್ಸನ್ನೇ ಇನ್ನಷ್ಟು ತರಬೇತಿಗೊಳಿಸಿ ಊರಿನಲ್ಲೇ ಕೂರಿಸುವ ಉಪಾಯ ನನಗೆ ಎಲ್ಲಕ್ಕಿಂತ ಬುದ್ಧಿವಂತಿಕೆಯದಾಗಿ ಕಾಣುತ್ತದೆ. ಅಂಥವರನ್ನು ಗುತ್ತಿಗೆಯಲ್ಲಿ ತೂಗಿಸುವುದು ನೆಟ್ಟ ಅಡಿಕೆ ಸಸಿಯನ್ನು ವರ್ಷವರ್ಷ ಕಿತ್ತು ನೋಡಿದ ಹಾಗೆ.

ಹೋಗುವವರಿಗೆ ಉಪಯೋಗದ ಮಾತು: ಹಳೆಯ ಚೀಟಿ, ಮಾತ್ರೆಯ ಖಾಲಿ ಸ್ಟ್ರಿಪ್ ಎರಡನ್ನೂ ಒಯ್ಯಿರಿ. ಸಕ್ಕರೆ ನೋಡಿಸುವುದಿದ್ದರೆ ಏನನ್ನೂ ತಿನ್ನದೆ ಬೆಳಿಗ್ಗೆಯೇ ಹೋಗಿ. ಮಧ್ಯಾಹ್ನ ಅವರು ಮನೆ ಭೇಟಿಗೆ ಹೊರಟಿರುವುದುಂಟು, ಬಾಗಿಲಿನ ಹಲಗೆಯ ಮೇಲೆ ಯಾವ ಕೇರಿಗೆ ಎಂದು ಬರೆದಿರುತ್ತಾರೆ. ಹಾವು ಕಚ್ಚಿದರೆ, ಎದೆ ಹಿಡಿದರೆ, ಹೆರಿಗೆ ನೋವು ಬಂದರೆ ಇಲ್ಲಿಗೆ ಬಂದು ಹೊತ್ತು ಕಳೆಯಬೇಡಿ, ನೇರವಾಗಿ 108ಕ್ಕೆ ಕರೆ ಮಾಡಿ. ಟೆಲ್ಮಿಸಾರ್ಟನ್ ತೆಗೆದುಕೊಳ್ಳುವವರು ಮಾತ್ರೆ ಮುಗಿಯುವ ವಾರ ಮೊದಲೇ ಕೇಳಿಬಿಡಿ.