ಡೆಲ್ ಯು2723ಕ್ಯೂಇ: ಮಾನಿಟರ್ ಚೆನ್ನಾಗಿದೆ, ಪ್ರೊಫೈಲ್ ಮಾತ್ರ ನೋಡಿ ಹಾಕಿ

27 ಇಂಚು, 4ಕೆ. ಒಂದೇ ಯುಎಸ್‌ಬಿ-ಸಿ ಕೇಬಲಿನಲ್ಲಿ ಚಿತ್ರವೂ ಬರುತ್ತದೆ, ಲ್ಯಾಪ್‌ಟಾಪಿಗೆ 90 ವ್ಯಾಟ್‌ವರೆಗೆ ಚಾರ್ಜೂ ಸಿಗುತ್ತದೆ. ಐಪಿಎಸ್ ಬ್ಲ್ಯಾಕ್ ಪ್ಯಾನೆಲ್ (ಕಪ್ಪನ್ನು ಹೆಚ್ಚು ಗಾಢವಾಗಿ ತೋರಿಸುವ ಐಪಿಎಸ್ ಪರದೆ) ಆದ್ದರಿಂದ ಕಾಂಟ್ರಾಸ್ಟ್, ಅಂದರೆ ಬಿಳಿಗೂ ಕಪ್ಪಿಗೂ ಇರುವ ಹೊಳಪಿನ ಅನುಪಾತ, 2000:1, ಮಾಮೂಲಿ ಐಪಿಎಸ್‌ನ ಎರಡರಷ್ಟು. ಇಲ್ಲಿಯವರೆಗೆ ತಕರಾರಿಲ್ಲ. ತೊಡಕಿರುವುದು ಬಣ್ಣದ ಸೆಟ್ಟಿಂಗಿನಲ್ಲಿ.

ಪರದೆ ತೋರಿಸಬಲ್ಲ ಬಣ್ಣಗಳ ವ್ಯಾಪ್ತಿಗೆ ಬಣ್ಣವಲಯ ಎನ್ನುತ್ತಾರೆ. ಈ ಪ್ಯಾನೆಲ್ ಡಿಸಿಐ-ಪಿ3 ಎಂಬ ಅಗಲ ಬಣ್ಣವಲಯದ 98% ತೋರಿಸುತ್ತದೆ. ವೆಬ್ಬಿನಲ್ಲಿರುವ ಬಹುಪಾಲು ಚಿತ್ರಗಳು ಅದಕ್ಕಿಂತ ಚಿಕ್ಕದಾದ ಎಸ್‌ಆರ್‌ಜಿಬಿಯಲ್ಲಿರುತ್ತವೆ. ಸ್ಟ್ಯಾಂಡರ್ಡ್ ಮೋಡಿನಲ್ಲೇ ಬಿಟ್ಟು, ಬಣ್ಣದ ಪ್ರೊಫೈಲ್ (ಐಸಿಸಿ ಪ್ರೊಫೈಲ್) ಲೆಕ್ಕಕ್ಕಿಡದ ಸಾಫ್ಟ್‌ವೇರಿನಲ್ಲಿ ಮದುವೆ ಫೋಟೋ ತೆರೆದರೆ ಅರಿಶಿನ ಹಚ್ಚಿದ ಕೆನ್ನೆ ಕಿತ್ತಳೆಗೆ ತಿರುಗುತ್ತದೆ, ಹಣೆಯ ಕುಂಕುಮ ರೇಡಿಯಂ ಸ್ಟಿಕ್ಕರಿನ ಹಾಗೆ ಹೊಳೆಯುತ್ತದೆ. ಅಂಗಡಿಯಲ್ಲಿ ನೋಡಿದಾಗ ಇದೇ ಭರ್ಜರಿ ಅನ್ನಿಸುವುದೂ ಉಂಟು!

ಐಸಿಸಿ ಪ್ರೊಫೈಲ್ ಚಿತ್ರವನ್ನು ಚಂದಗಾಣಿಸುವ ಫಿಲ್ಟರ್ ಅಲ್ಲ. ಈ ಪರದೆ ಹೇಗಿದೆ ಎಂದು ಸಾಫ್ಟ್‌ವೇರಿಗೆ ತಿಳಿಸುವ ಕಡತ. ಹಾಗಾಗಿ ಮಾನಿಟರಿನ ಮೋಡೂ ಕಂಪ್ಯೂಟರಿನ ಪ್ರೊಫೈಲೂ ಜೋಡಿಯಾಗಿರಬೇಕು. ಮಾನಿಟರನ್ನು ಎಸ್‌ಆರ್‌ಜಿಬಿ ಮೋಡಿಗೆ ಹಾಕಿ, ವಿಂಡೋಸಿನಲ್ಲಿ ಡ್ರೈವರ್ ಜೊತೆ ಬಂದ ಅಗಲ ವಲಯದ ಪ್ರೊಫೈಲನ್ನೇ ಉಳಿಸಿಕೊಂಡರೆ ಫೋಟೋಶಾಪ್ ಒಮ್ಮೆ ಬಣ್ಣ ತಗ್ಗಿಸುತ್ತದೆ, ಮಾನಿಟರ್ ಇನ್ನೊಮ್ಮೆ. ಚಿತ್ರ ಬಿಳಿಚಿಕೊಳ್ಳುತ್ತದೆ.

ವಿಂಡೋಸ್ ಬಳಸುವ ಹೆಚ್ಚಿನವರಿಗೆ ಎಸ್‌ಆರ್‌ಜಿಬಿ ಜೋಡಿಯೇ ಸಾಕು. ಮಾನಿಟರಿನ ಹಿಂಬದಿಯ ಜಾಯ್‌ಸ್ಟಿಕ್ ಒತ್ತಿ, ಕಲರ್ ಮೆನುವಿನ ಪ್ರಿಸೆಟ್ ಮೋಡ್ಸ್‌ನಲ್ಲಿ ಕಲರ್ ಸ್ಪೇಸ್‌ಗೆ ಹೋಗಿ ಎಸ್‌ಆರ್‌ಜಿಬಿ ಆರಿಸಿ. ಆಮೇಲೆ ವಿಂಡೋಸ್ ಸರ್ಚಿನಲ್ಲಿ ಕಲರ್ ಮ್ಯಾನೇಜ್‌ಮೆಂಟ್ ಹುಡುಕಿ ತೆರೆಯಿರಿ. ಡಿವೈಸಸ್ ಟ್ಯಾಬಿನಲ್ಲಿ ಈ ಮಾನಿಟರನ್ನೇ ಆರಿಸಿದ್ದೀರಾ ನೋಡಿಕೊಳ್ಳಿ. ಲ್ಯಾಪ್‌ಟಾಪಿನ ಪರದೆಗೆ ಹಾಕಿ ಪೇಚಾಡುವವರು ಬಹಳ. 'ಯೂಸ್ ಮೈ ಸೆಟ್ಟಿಂಗ್ಸ್' ಟಿಕ್ ಮಾಡಿ, ಎಸ್‌ಆರ್‌ಜಿಬಿ ಐಇಸಿ61966-2.1 ಸೇರಿಸಿ, ಡೀಫಾಲ್ಟ್ ಮಾಡಿ. ಟಾಸ್ಕ್‌ಬಾರಿನಂಥ ಕಡೆ ವಿಂಡೋಸ್ ಸಾಮಾನ್ಯವಾಗಿ ಪ್ರೊಫೈಲ್ ನೋಡುವುದೇ ಇಲ್ಲ. ಮಾನಿಟರೇ ಬಣ್ಣಕ್ಕೆ ಮಿತಿ ಹಾಕುವುದರಿಂದ ಅಲ್ಲೂ ಬಣ್ಣ ಸರಿಯಾಗಿರುತ್ತದೆ.

ಮ್ಯಾಕ್‌ನಲ್ಲಿ ತಲೆನೋವು ಕಡಿಮೆ. ಮಾನಿಟರ್ ಕೊಡುವ ಮಾಹಿತಿಯಿಂದ ಅದರ ಹೆಸರಿನಲ್ಲೇ ಒಂದು ಪ್ರೊಫೈಲ್ ತಯಾರಾಗಿರುತ್ತದೆ. ಸ್ಟ್ಯಾಂಡರ್ಡ್ ಮೋಡಿಗೆ ಅದನ್ನೇ ಬಿಡಿ. ಪಟ್ಟಿಯಲ್ಲಿ ಅಡೋಬಿ ಆರ್‌ಜಿಬಿ (ಮುದ್ರಣದವರು ಬಳಸುವ ಇನ್ನೊಂದು ಬಣ್ಣವಲಯ) ಕಂಡಿತೆಂದು ಅದನ್ನು ಆರಿಸಬೇಡಿ. ಈ ಪರದೆಗೂ ಅದಕ್ಕೂ ಸಂಬಂಧವಿಲ್ಲ. ಮುದ್ರಣಕ್ಕೆ ಪೂರ್ತಿ ಅಡೋಬಿ ಆರ್‌ಜಿಬಿಯೇ ಬೇಕೆನ್ನುವವರು ಬೇರೆ ಮಾನಿಟರ್ ನೋಡುವುದು ಒಳ್ಳೆಯದು.

ಪ್ರೊಫೈಲ್ ಆರಿಸುವಾಗ ಡಿಸಿಐ-ಪಿ3, ಡಿಸ್‌ಪ್ಲೇ ಪಿ3 ಎರಡನ್ನೂ ಒಂದೇ ಎಂದುಕೊಳ್ಳಬೇಡಿ. ಮೊದಲನೆಯದು ಸಿನಿಮಾ ಪ್ರೊಜೆಕ್ಷನ್ನಿನದು, ಅದರ ಗಾಮಾ (ಕಪ್ಪಿನಿಂದ ಬಿಳಿಗೆ ಹೊಳಪು ಏರುವ ರೀತಿ) 2.6. ಎರಡನೆಯದರ ಬಿಳುಪು ಡಿ65 (ಹಗಲು ಬೆಳಕಿನ ಬಿಳುಪಿನ ಮಾನಕ), ಗಾಮಾ ಎಸ್‌ಆರ್‌ಜಿಬಿಯದೇ.

ಫೋಟೋ ತಿದ್ದುವುದೇ ಕಸುಬಾದವರು ಕಲರಿಮೀಟರ್ (ಪರದೆಯ ಬಣ್ಣ ಅಳೆಯುವ ಉಪಕರಣ) ಇಟ್ಟುಕೊಳ್ಳಬೇಕು. ಮಾನಿಟರ್ ಅರ್ಧ ಗಂಟೆ ಉರಿಯಲಿ. ನೈಟ್ ಲೈಟ್ ಆಫ್ ಮಾಡಿ. ಕಸ್ಟಮ್ ಕಲರ್ ಮೋಡಿನಲ್ಲಿ ಡಿ65, ಗಾಮಾ 2.2, ಚದರ ಮೀಟರಿಗೆ 120 ಕ್ಯಾಂಡೆಲಾ ಹೊಳಪು ಗುರಿ ಇಟ್ಟು ಅಳೆಯಿರಿ. ಸಾಫ್ಟ್‌ವೇರಿನಲ್ಲಿ ಬ್ಯಾಕ್‌ಲೈಟ್ ಬಗೆ ಕೇಳಿದಾಗ ಅಗಲ ವಲಯದ ಎಲ್‌ಇಡಿ ಎಂದು ಕೊಡದಿದ್ದರೆ ಬಿಳುಪೇ ಹಸಿರಿಗೋ ಗುಲಾಬಿಗೋ ವಾಲಬಹುದು. ಅಳತೆ ಮುಗಿದ ಮೇಲೆ ಬ್ರೈಟ್‌ನೆಸ್ ಮುಟ್ಟಬೇಡಿ.

ಎಚ್‌ಡಿಆರ್ (ಹೊಳಪು, ಕಪ್ಪುಗಳ ವ್ಯಾಪ್ತಿ ಹಿಗ್ಗಿಸುವ ವಿಧಾನ) ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಡಿಸ್‌ಪ್ಲೇಎಚ್‌ಡಿಆರ್ 400 ಎಂಬ ಕೆಳ ಮಟ್ಟದ್ದು, ಲೋಕಲ್ ಡಿಮ್ಮಿಂಗ್ (ಪರದೆಯ ಬೇರೆಬೇರೆ ಭಾಗದ ಬೆಳಕನ್ನು ಬೇರೆಬೇರೆಯಾಗಿ ತಗ್ಗಿಸುವುದು) ಇಲ್ಲ. ಆನ್ ಮಾಡಿದರೆ ಮೇಲಿನ ಲೆಕ್ಕವೂ ಕೆಡುತ್ತದೆ, ಆಫ್ ಮಾಡಿಯೇ ಇಡಿ.

ಎಚ್‌ಡಿಎಂಐನಲ್ಲಿ ಕಪ್ಪು ಬಣ್ಣ ಬೂದು ಬಣ್ಣವಾಗಿ ಕಂಡರೆ ಪ್ರೊಫೈಲ್ ಬದಲಿಸುತ್ತಾ ಕೂರಬೇಡಿ. ಗ್ರಾಫಿಕ್ಸ್ ಕಾರ್ಡ್ ಹೊಳಪಿನ ಮಟ್ಟಗಳನ್ನು 0–255 ಬದಲು 16–235ರೊಳಗೆ ಕಳಿಸುತ್ತಿರಬಹುದು. ಅದರ ಕಂಟ್ರೋಲ್ ಪ್ಯಾನೆಲಿನಲ್ಲಿ ಫುಲ್ ರೇಂಜ್ ಮಾಡಿ. ಡೆಲ್ ಡಿಸ್‌ಪ್ಲೇ ಮ್ಯಾನೇಜರ್ ಹಾಕಿಕೊಂಡಿದ್ದರೆ ಪ್ರತಿ ಆ್ಯಪ್‌ಗೂ ಮೋಡ್ ಬದಲಿಸುವ ಆಟೋ ಸೌಲಭ್ಯವನ್ನು ಮೊದಲು ನಿಲ್ಲಿಸಿ. ಇಲ್ಲದಿದ್ದರೆ ಸರಿಮಾಡಿದ ಜೋಡಿ ನಿಮಗೆ ಗೊತ್ತಾಗದೆ ಒಡೆಯುತ್ತದೆ.