ಹನ್ನೆರಡಕ್ಕೆ ದಶಕ ಹೋಗುವ ಮಣಿಚೌಕಟ್ಟು

‘ಐದು ಬರೆದು ದಶಕ ಒಂದು’ ಎಂದು ಹೇಳಿಕೊಂಡೇ ಕೂಡುವ ಲೆಕ್ಕ ಕಲಿತವರಿಗೆ, ಆ ದಶಕ ಹತ್ತೇ ಆಗಿರಬೇಕಾಗಿಲ್ಲ ಎಂಬ ಮಾತು ಸುಲಭವಾಗಿ ಮನಸ್ಸಿಗೆ ಇಳಿಯುವುದಿಲ್ಲ. ಹನ್ನೆರಡು ಎಂಬ ಪದದೊಳಗೇ ಹತ್ತು ಮತ್ತು ಎರಡು ಕುಳಿತಿವೆ. ಹಾಗಾಗಿ ಎಂಟರ ಅಥವಾ ಹನ್ನೆರಡರ ಪದ್ಧತಿಯ, ಅಂದರೆ ಹತ್ತರ ಬದಲು ಎಂಟಕ್ಕೋ ಹನ್ನೆರಡಕ್ಕೋ ದಶಕ ಹೋಗುವ ಎಣಿಕೆಯ, ಲೆಕ್ಕವನ್ನು ಕಾಗದದ ಮೇಲೆ ಕೊಟ್ಟರೆ, ಹೆಚ್ಚಿನವರು ಹತ್ತರಲ್ಲಿ ಉತ್ತರ ಕಂಡುಹಿಡಿದು ಆಮೇಲೆ ಅದನ್ನು ಪರಿವರ್ತಿಸಿ ಬರೆಯುತ್ತಾರೆ. ಆ ಪದ್ಧತಿಯೊಳಗೇ ನಿಂತು ಎಣಿಸುವುದಿಲ್ಲ. ನಾಲ್ಕು ತಿಂಗಳ ಹಿಂದೆ ನಾನು ತರಿಸಿಕೊಂಡ ಮರದ ಮಣಿಚೌಕಟ್ಟು ಈ ತೊಡಕನ್ನು ಬಿಡಿಸಲೆಂದೇ ಮಾಡಿದ್ದು.

ಚೌಕಟ್ಟಿನಲ್ಲಿ ಆರು ಕಂಬಿಗಳಿವೆ. ಒಂದೊಂದರಲ್ಲೂ ಹದಿನೈದು ಮಣಿಗಳವರೆಗೆ ಪೋಣಿಸಬಹುದು. ಮೇಲ್ಪಟ್ಟಿಯ ತಿರುಪು ಬಿಚ್ಚಿ, ಬೇಕಾದ ಆಧಾರಸಂಖ್ಯೆಗಿಂತ (ದಶಕ ಎಷ್ಟಕ್ಕೆ ಹೋಗಬೇಕೋ ಆ ಸಂಖ್ಯೆಗಿಂತ) ಒಂದು ಕಡಿಮೆ ಮಣಿಗಳನ್ನು ಪ್ರತಿ ಕಂಬಿಯಲ್ಲೂ ಉಳಿಸಿಕೊಂಡರೆ ಪದ್ಧತಿ ಸಿದ್ಧವಾಗುತ್ತದೆ: ಎಂಟರದಕ್ಕೆ ಏಳು ಮಣಿ, ಹನ್ನೆರಡರದಕ್ಕೆ ಹನ್ನೊಂದು, ಹದಿನಾರರದಕ್ಕೆ ಹದಿನೈದು.

ಹನ್ನೆರಡರ ಪದ್ಧತಿಯಲ್ಲಿ 47ಕ್ಕೆ 38ನ್ನು ಕೂಡುವ ಲೆಕ್ಕವನ್ನೇ ತೆಗೆದುಕೊಳ್ಳೋಣ. ಬಲತುದಿಯ ಕಂಬಿಯಲ್ಲಿ ಏಳು ಮಣಿಗಳು ಮೇಲಿವೆ, ಇನ್ನೂ ಎಂಟನ್ನು ಏರಿಸಬೇಕು, ಆದರೆ ಕೆಳಗೆ ಉಳಿದಿರುವುದು ನಾಲ್ಕೇ. ಆ ನಾಲ್ಕನ್ನೂ ಏರಿಸಿದ ಮೇಲೆ ಐದನೆಯದಕ್ಕೆ ಮಣಿಯಿಲ್ಲ. ಆದ್ದರಿಂದ ಹನ್ನೊಂದನ್ನೂ ಕೆಳಗಿಳಿಸಿ ಎಡಗಡೆಯ ಕಂಬಿಯಲ್ಲಿ ಒಂದನ್ನು ಏರಿಸಬೇಕಾಗುತ್ತದೆ. ಉಳಿದ ಮೂರು ಬಿಡಿಸ್ಥಾನಕ್ಕೆ ಬರುತ್ತವೆ, ಎಡಗಡೆ ನಾಲ್ಕು, ಮೂರು ಮತ್ತು ಒಂದು ಸೇರಿ ಎಂಟಾಗುತ್ತವೆ, ಉತ್ತರ 83. ಇದನ್ನು ನಮ್ಮ ರೂಢಿಯ ಹತ್ತರಲ್ಲಿ ಹೇಳಿದರೆ 55 (ನಾಲ್ಕು ಹನ್ನೆರಡುಗಳು ಮತ್ತು ಏಳು ಬಿಡಿ) ಮತ್ತು 44 ಸೇರಿ 99. ನನ್ನ ಮಗಳು ಈ ಲೆಕ್ಕ ಮಾಡುವಾಗ ಹನ್ನೊಂದು ಮಣಿಗಳನ್ನು ಬೆರಳಂಚಿನಿಂದ ಒಟ್ಟಿಗೆ ಕೆಳಕ್ಕೆ ಎಳೆದು ಒಂದು ಕ್ಷಣ ತಡೆದಳು, ಹನ್ನೆರಡನೆಯ ಮಣಿ ಎಡಗಡೆಯ ಕಂಬಿಯಲ್ಲಿದೆ ಎಂದು ತಾನೇ ಕಂಡುಕೊಂಡಳು. ಪರಿವರ್ತನೆಯ ಗೋಜಿಗೆ ಹೋಗಲೇ ಇಲ್ಲ. ಈ ಸಾಧನವನ್ನು ನಾನು ಮನಸಾರೆ ಮೆಚ್ಚಿಕೊಂಡದ್ದು ಆ ಗಳಿಗೆಯಿಂದ.

ಜೊತೆಗೆ ಬರುವ ಪುಸ್ತಿಕೆಯ ಬಗ್ಗೆ ಅಷ್ಟು ಒಳ್ಳೆಯ ಮಾತು ಹೇಳಲಾರೆ. ಒಂಬತ್ತನ್ನು ಮೀರಿದವುಗಳನ್ನೂ ಒಂದೇ ಅಂಕಿಯಾಗಿ ಬರೆಯಲೆಂದು ಹತ್ತಕ್ಕೆ ‘ಅ’, ಹನ್ನೊಂದಕ್ಕೆ ‘ಆ’ ಎಂದು ಶುರುವಾಗಿ ಹದಿನೈದಕ್ಕೆ ‘ಊ’ ಎಂದು ಮುಗಿಯುವ ಅಂಕಿಗಳ ಗುರುತು ನೆನಪಿಡಲು ಸುಲಭವೇನೋ ಹೌದು, ಆದರೆ ಬರೆಯುವಾಗ ‘ಅ’ಕಾರ ‘ಆ’ಕಾರವಾಗಿ, ‘ಉ’ಕಾರ ‘ಊ’ಕಾರವಾಗಿ ಜಾರಿಬಿಡುತ್ತದೆ. ಆಕಾರದಲ್ಲಿ ಬೇರೆಬೇರೆಯಾಗಿ ಕಾಣುವ ಕ, ಗ, ಚ, ಟ, ತ, ಪಗಳನ್ನು ಬಳಸಿದ್ದರೆ ಈ ಗೊಂದಲ ತಪ್ಪುತ್ತಿತ್ತು. ಇದಕ್ಕಿಂತ ದೊಡ್ಡ ತಪ್ಪು ಮಗ್ಗಿಯಲ್ಲಿದೆ: ಹನ್ನೆರಡರ ಪದ್ಧತಿಯ ಮಗ್ಗಿಯಲ್ಲಿ ಏಳೆಂಟಲ 56 ಎಂದು ಅಚ್ಚಾಗಿದೆ. ನಾಲ್ಕು ಹನ್ನೆರಡುಗಳು ಮತ್ತು ಎಂಟು ಬಿಡಿ ಆಗಬೇಕಾದ್ದರಿಂದ ಅಲ್ಲಿ 48 ಇರಬೇಕು. ಯಾವ ಅಭ್ಯಾಸವನ್ನು ಬಿಡಿಸಲು ಪುಸ್ತಿಕೆ ಹೊರಟಿದೆಯೋ ಅದೇ ಅಭ್ಯಾಸ ಅದರ ಪುಟಕ್ಕೂ ನುಸುಳಿದೆ. ಭಿನ್ನರಾಶಿಗಳ ಅಧ್ಯಾಯದಲ್ಲಿ ಮೂರನೇ ಒಂದು ಭಾಗ ಹನ್ನೆರಡರ ಪದ್ಧತಿಯಲ್ಲಿ 0.4 (ಹನ್ನೆರಡರಲ್ಲಿ ನಾಲ್ಕು) ಎಂದು ಚೊಕ್ಕಟವಾಗಿ ಮುಗಿಯುವುದನ್ನು ತೋರಿಸಿದ್ದಾರೆ. ಐದನೇ ಒಂದು ಭಾಗ 0.24972497 ಎಂದು ಕೊನೆಯಿಲ್ಲದೆ ಮರುಕಳಿಸುವುದನ್ನು ಹೇಳಿಲ್ಲ. ಹನ್ನೆರಡನ್ನು ಮೂರು ಭಾಗಿಸುತ್ತದೆ, ಐದು ಭಾಗಿಸುವುದಿಲ್ಲ; ಹೀಗೆ ಆಧಾರಸಂಖ್ಯೆಯ ಅಪವರ್ತನಗಳ ಮೇಲೆ ಇದೆಲ್ಲ ನಿಂತಿರುವುದರಿಂದ ಎರಡನ್ನೂ ಅಕ್ಕಪಕ್ಕ ಇಡಬೇಕಿತ್ತು.

ಅರವತ್ತರ ಪದ್ಧತಿಯನ್ನು ಹೊಂದಿಸಿರುವ ಬಗೆ ಮಾತ್ರ ಬಹಳ ಸೊಗಸಾಗಿದೆ. ಒಂದೇ ಕಂಬಿಗೆ ಐವತ್ತೊಂಬತ್ತು ಮಣಿ ಹಾಕಲಾಗದ್ದರಿಂದ ಕಂಬಿಗಳನ್ನು ಜೋಡಿ ಮಾಡಿ, ಬಲಗಡೆಯದರಲ್ಲಿ ಒಂಬತ್ತು, ಎಡಗಡೆಯದರಲ್ಲಿ ಐದು ಮಣಿ ಇಡುತ್ತಾರೆ. ಬ್ಯಾಬಿಲೋನಿಯದವರು ಜೇಡಿಮಣ್ಣಿನ ಹಲಗೆಗಳ ಮೇಲೆ ಒಂದಕ್ಕೆ ಒಂದು ಬೆಣೆಗುರುತು, ಹತ್ತಕ್ಕೆ ಇನ್ನೊಂದು ಗುರುತು ಒತ್ತಿ ಐವತ್ತೊಂಬತ್ತರವರೆಗೆ ಬರೆಯುತ್ತಿದ್ದದ್ದೂ ಹೀಗೆಯೇ. ಮೂರು ಜೋಡಿಗಳು ಗಂಟೆ, ನಿಮಿಷ, ಸೆಕೆಂಡುಗಳಾಗುತ್ತವೆ. 1 ಗಂಟೆ 47 ನಿಮಿಷ 35 ಸೆಕೆಂಡಿಗೆ 2 ಗಂಟೆ 38 ನಿಮಿಷ 50 ಸೆಕೆಂಡನ್ನು ಕೂಡಿದಾಗ ಮಣಿಗಳು 4 ಗಂಟೆ 26 ನಿಮಿಷ 25 ಸೆಕೆಂಡಿಗೆ ಬಂದು ನಿಲ್ಲುತ್ತವೆ. ದಶಕ ಒಮ್ಮೆ ಹತ್ತಕ್ಕೆ, ಒಮ್ಮೆ ಆರಕ್ಕೆ ಹೋಗುವುದು ಕಣ್ಣೆದುರೇ ಕಾಣುತ್ತದೆ.

ಎರಡರ ಪದ್ಧತಿಗೆ ಆರು ಕಂಬಿ ಸಾಲುವುದಿಲ್ಲ, 63ಕ್ಕೇ ಚೌಕಟ್ಟು ತುಂಬಿಹೋಗುತ್ತದೆ. ಹದಿನಾರರದಕ್ಕೆ ಇದೇ ಆರು ಕಂಬಿಗಳು 1,67,77,215ರವರೆಗೆ ಸಾಕಾಗುತ್ತವೆ. ಕಂಪ್ಯೂಟರಿನಲ್ಲಿ ಬಣ್ಣಗಳನ್ನು ಸೂಚಿಸುವ ಆರಂಕಿಯ ಸಂಕೇತಗಳನ್ನು ಬಳಸುವವರು ಎಲ್ಲ ಮಣಿಗಳನ್ನೂ ಏರಿಸಿ ನೋಡಬೇಕು, ಅದು ಬಿಳಿ ಬಣ್ಣ.

ಪದ್ಧತಿ ಬದಲಿಸುವಾಗಲೆಲ್ಲ ನಾಲ್ಕು ತಿರುಪು ಬಿಚ್ಚಬೇಕು, ಚೌಕಟ್ಟು ಸ್ವಲ್ಪ ಓರೆಯಾದರೂ ಮಣಿಗಳು ನೆಲದ ಪಾಲಾಗುತ್ತವೆ. ಕೆಳಗೆ ಒಂದು ತಟ್ಟೆಯಿಟ್ಟುಕೊಂಡೇ ಈ ಕೆಲಸಕ್ಕೆ ಕೂರುವುದು ಒಳ್ಳೆಯದು. ಸ್ಥಾನಬೆಲೆ ಕಲಿಸುವ ಶಿಕ್ಷಕರಿಗೆ ಇದನ್ನು ಧಾರಾಳವಾಗಿ ಶಿಫಾರಸು ಮಾಡುತ್ತೇನೆ, ಮಗ್ಗಿಯ ಪುಟವನ್ನು ಮೊದಲು ತಿದ್ದಿಕೊಳ್ಳಬೇಕೆಂಬ ಸೂಚನೆಯೊಂದಿಗೆ. ಹತ್ತರ ಕೂಡುವಿಕೆಯೇ ಇನ್ನೂ ಕೈಗೆ ಹತ್ತದ ಚಿಕ್ಕ ಮಕ್ಕಳಿಗಾದರೆ, ಒಂದೆರಡು ವರ್ಷ ಒಂಬತ್ತು ಮಣಿಗಳನ್ನಷ್ಟೇ ಪೋಣಿಸಿ ಕೊಡಿ.